ಕತ್ತಲಿಗೆ ಮುನ್ನದ ಅರ್ಧ ಗಂಟೆ

ಯುರೋಪಿನ ಬೇಟೆಗಾರರಿಗೆ ವುಡ್‌ಕಾಕ್ ಎಂದರೆ ಚಳಿಗಾಲದ ಹಕ್ಕಿ. ತರಗೆಲೆಯ ಬಣ್ಣ, ನೀಳ ಕೊಕ್ಕು. ಹಗಲೆಲ್ಲ ಕಾಡಿನ ನೆಲದಲ್ಲಿ ಅಲುಗಾಡದೆ ಕೂತಿರುವ ಅದು ಮುಸ್ಸಂಜೆಗೆ ಎರೆಹುಳು ಅರಸಿ ಹುಲ್ಲುಗಾವಲಿಗೆ ಹಾರುತ್ತದೆ. ಹೊರಡುವ ಹೊತ್ತೂ ಹಿಡಿಯುವ ದಾರಿಯೂ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಕೋವಿ ಹಿಡಿದವನು ಹಕ್ಕಿಯನ್ನು ಹುಡುಕಬೇಕಿಲ್ಲ, ಕಾಡಿನಂಚಿನಲ್ಲಿ ಕಾದು ನಿಂತರೆ ಸಾಕು. ಈ ಹಕ್ಕಿ ಚಳಿಗಾಲ ಕಳೆಯಲು ಕೊಡಗು, ನೀಲಗಿರಿಯ ಬೆಟ್ಟಗಳಿಗೂ ಬರುತ್ತದೆ. ದಾವಣಗೆರೆ, ಹರಿಹರದ ಬಯಲಿನ ಮಟ್ಟಿಗೆ ಅದರ ಜಾಗದಲ್ಲಿರುವುದು ಹತ್ತಿರದ ನೆಂಟನಾದ ಸ್ನೈಪ್ ಮತ್ತು ಕಾಡುಬಾತುಗಳು. ಕೊಂಡಜ್ಜಿ, ದೇವರಬೆಳಕೆರೆ, ಸೂಳೆಕೆರೆಯಂಥ ನೀರಿನಲ್ಲಿ ಹಗಲು ಕಳೆದು, ಹೊತ್ತು ಮುಳುಗುತ್ತಲೇ ಗದ್ದೆಗೆ ಇಳಿಯುವುದು ಬಾತುಗಳ ರೂಢಿ. ಸಿಳ್ಳೆ ಬಾತುಗಳಂತೂ ಬಹುಪಾಲು ರಾತ್ರಿಯೇ ಮೇಯುತ್ತವೆ. ನಾವು ಮಾತ್ರ ಕೆರೆಯನ್ನು ಕಾಯುತ್ತೇವೆ, ಹಗಲಿನಲ್ಲಿ ಹಕ್ಕಿ ಎಣಿಸುತ್ತೇವೆ. ಅಪಾಯ ಇರುವುದು ಕೆರೆಗೂ ಗದ್ದೆಗೂ ನಡುವಿನ ಆ ಸಂಜೆಯ ಹಾದಿಯಲ್ಲಿ. ಕಾವಲು ಅಲ್ಲಿಗೆ ಹೋಗಬೇಕು ಎಂಬುದೇ ಇಲ್ಲಿನ ವಾದ.

ಕಾನೂನು ಇಲ್ಲವೇ ಎಂದರೆ, ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಪರವಾನಗಿ ಪಡೆದವರಿಗೆ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಅವಕಾಶ ಕೊಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಗುಂಡು ಹೊಡೆಯುವುದಷ್ಟೇ ಅಲ್ಲ, ಬಲೆ ಬೀಸುವುದು, ಉರುಳು ಒಡ್ಡುವುದು, ಅಂಥ ಪ್ರಯತ್ನ ಮಾಡುವುದು ಕೂಡ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಆದರೆ ಕೋವಿಗೆ ಸದ್ದಿದೆ, ಬಲೆಗೆ ಇಲ್ಲ. ಹಕ್ಕಿ ಹಾರುವ ದಾರಿಗೆ ಅಡ್ಡಲಾಗಿ ಕಟ್ಟಿದ ನೈಲಾನ್ ಬಲೆ ಮಬ್ಬಿನಲ್ಲಿ ಮನುಷ್ಯರಿಗೇ ಕಾಣುವುದಿಲ್ಲ. ಅದಕ್ಕೆ ಬಂದು ಬೀಳುವ ಹಕ್ಕಿ ಯಾವ ಜಾತಿಯದೆಂದು ಕಟ್ಟಿದವನಿಗೂ ಗೊತ್ತಿರುವುದಿಲ್ಲ. ಹಳೆಯ ಶಿಕಾರಿಯ ಲೆಕ್ಕಾಚಾರ ಹಾಗೇ ಉಳಿದಿದೆ, ಸಲಕರಣೆ ಬದಲಾಗಿದೆ.

ಪೂರ್ತಿ ನಿಷೇಧಕ್ಕಿಂತ ಪರವಾನಗಿ ಕೊಟ್ಟು ಹಿಡಿತದಲ್ಲಿಡುವುದು ಮೇಲು ಎನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ ಅಕ್ಟೋಬರ್ 1ರಿಂದ ಜನವರಿ 31ರವರೆಗೆ ವುಡ್‌ಕಾಕ್ ಬೇಟೆಗೆ ಅನುಮತಿಯಿದೆ. ಅಮೆರಿಕದಲ್ಲಿ ಬಾತುಬೇಟೆಗಾರರು 1934ರಿಂದ ಕೊಳ್ಳುತ್ತ ಬಂದಿರುವ ಸ್ಟ್ಯಾಂಪಿನ ಹಣದಲ್ಲಿ ಜೌಗುಭೂಮಿಗಳು ಉಳಿದಿವೆ. ಈ ವಾದ ಹುಸಿಯಲ್ಲ. ಆದರೆ ಇಲ್ಲಿ ಕೆರೆ ಯಾರ ಖಾಸಗಿ ಜಮೀನೂ ಅಲ್ಲ. ಅದು ಸರ್ಕಾರದ್ದು, ಊರಿನದು. ಪರವಾನಗಿಯ ದುಡ್ಡು ಕೆರೆಯ ಹೂಳೆತ್ತಲು ವಾಪಸು ಬರುತ್ತದೆಂಬ ಭರವಸೆ ನಮ್ಮ ಇಲಾಖೆಗಳ ಚರಿತ್ರೆ ಬಲ್ಲವರಿಗೆ ಹುಟ್ಟುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಬೆಳಕಿನದು. ಮಾಮೂಲಿ ಸ್ನೈಪನ್ನೂ ಸೂಜಿಬಾಲದ ಸ್ನೈಪನ್ನೂ ಹಗಲಲ್ಲೇ ಬೇರೆ ಮಾಡುವುದು ಕಷ್ಟ, ಕೈಯಲ್ಲಿ ಹಿಡಿದು ಬಾಲದ ಗರಿ ನೋಡಿದರೆ ಖಾತ್ರಿ. ಮುಸ್ಸಂಜೆಯಲ್ಲಿ ‘ಇದನ್ನು ಹೊಡೆ, ಅದನ್ನು ಬಿಡು’ ಎಂಬ ನಿಯಮ ಕಾಗದದಲ್ಲೇ ಉಳಿಯುತ್ತದೆ. ಮೇಲಾಗಿ ನೀರಿಗೆ ಬಿದ್ದ ಸೀಸದ ಚರೆಗಳನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಬೇಟೆಯನ್ನು ಒಪ್ಪಿಕೊಂಡಿರುವ ಐರೋಪ್ಯ ಒಕ್ಕೂಟವೇ 2023ರಿಂದ ಜೌಗುಭೂಮಿಯಲ್ಲಿ ಸೀಸದ ಚರೆಯನ್ನು ನಿಷೇಧಿಸಿದೆ.

ರೈತರ ಆಕ್ಷೇಪಕ್ಕೆ ಇದಕ್ಕಿಂತ ತೂಕವಿದೆ. ಭದ್ರಾ ನಾಲೆಯ ನೀರು ಈ ಸೀಮೆಯನ್ನು ಭತ್ತದ ಬಯಲಾಗಿಸಿತು. ವರ್ಷಕ್ಕೆ ಎರಡು ಬೆಳೆಯ ಆಸೆ, ಅಚ್ಚುಕಟ್ಟಿನ ಕೊನೆಭಾಗಕ್ಕೆ ನೀರು ಮುಟ್ಟದ ಸಿಟ್ಟು, ಇದರ ಮೇಲೆ ಮೊಳಕೆ ಭತ್ತ ಚೆಲ್ಲಿದ ರಾತ್ರಿಯೇ ಬಾತಿನ ಹಿಂಡು ಇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಕಾಲವನ್ನು ಗಮನಿಸಬೇಕು. ವಲಸೆ ಹಕ್ಕಿಗಳು ತುಂಬಿರುವುದು ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ. ಮಳೆಗಾಲದ ಬೆಳೆಯ ಕಟಾವು ಆ ಅವಧಿಯ ಮೊದಲ ವಾರಗಳಲ್ಲೇ ನಡೆಯುತ್ತದೆ. ಕಟಾವು ಯಂತ್ರ ಹೋದ ಮೇಲೆ ಕೂಳೆ ಗದ್ದೆಯಲ್ಲಿ ಉದುರಿದ ಕಾಳು ತಿಂದರೆ ರೈತನಿಗೆ ನಷ್ಟವಿಲ್ಲ. ಸ್ನೈಪಂತೂ ಕಾಳು ಮುಟ್ಟುವುದೇ ಅಪರೂಪ, ಅದಕ್ಕೆ ಬೇಕಾದದ್ದು ಕೆಸರಿನ ಹುಳು. ನಷ್ಟ ನಿಜವಾಗಿ ಆಗುವುದು ಬೇಸಿಗೆ ಭತ್ತದ ಸಸಿಮಡಿ ಮತ್ತು ಹೊಸ ಬಿತ್ತನೆಯಲ್ಲಿ. ಆ ಕೆಲವು ವಾರಗಳಿಗೆ, ಆ ಕೆಲವು ಗದ್ದೆಗಳಿಗೆ ಪರಿಹಾರ ಕೊಡುವುದು ಸರ್ಕಾರಕ್ಕೆ ಆಗದ ಕೆಲಸವಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟಿದ ಹುಣಸೆಮರದ ಒಡೆಯರಿಗೆ ಅರಣ್ಯ ಇಲಾಖೆ ಹಣ ಕೊಟ್ಟ ಉದಾಹರಣೆ ನಮ್ಮ ರಾಜ್ಯದ್ದೇ.

ಹಕ್ಕಿ ಹಿಡಿದೇ ಬದುಕಿದವರ ಗತಿಯೇನು ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಜುಗರದ್ದು. ಚನ್ನಗಿರಿ ತಾಲ್ಲೂಕಿನಲ್ಲಿ ಹಕ್ಕಿಪಿಕ್ಕಿ ಕುಟುಂಬಗಳಿವೆ. ಅವರ ಕಸುಬನ್ನು ಕಾಯ್ದೆ ಅಪರಾಧವಾಗಿಸಿತು, ಬದಲಿಗೆ ಕೊಟ್ಟದ್ದು ಕಡಿಮೆ. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತ ಆಫ್ರಿಕಾದವರೆಗೆ ಹೋದ ಈ ಜನ 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಕೊಂಡಾಗಲೇ ನಾಡಿಗೆ ಅವರ ನೆನಪಾಯಿತು. ಬೇಟೆಗೆ ಮತ್ತೆ ಅವಕಾಶ ಕೊಡುವುದು ಇದಕ್ಕೆ ಉತ್ತರವಲ್ಲ. ಹಕ್ಕಿಯ ಹೊತ್ತು, ದಾರಿ, ಕೂಗು ಬಲ್ಲ ಹಿರಿಯರು ಆ ಸಮುದಾಯದಲ್ಲಿ ಇರುವವರೆಗೆ, ಕೆರೆ ಕಾವಲಿಗೆ ಸಂಬಳ ಕೊಟ್ಟು ಕರೆಯಬೇಕಾದ ಮೊದಲಿಗರು ಅವರು.

ಕಾವಲೆಂದರೆ ಏನು ಎಂಬುದೂ ಸ್ಪಷ್ಟವಾಗಬೇಕು. ಡಿಸೆಂಬರಿನಲ್ಲಿ ಇಲ್ಲಿ ಹೊತ್ತು ಮುಳುಗುವುದು ಆರರ ಆಸುಪಾಸಿಗೆ. ಕಚೇರಿಗಳು ಬಾಗಿಲು ಹಾಕಿರುವ ಹೊತ್ತು ಅದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕೆಲಸ ಮಾಡಬೇಕಾದದ್ದು ಆಗಲೇ, ಅದೂ ಏರಿಯ ಮೇಲಲ್ಲ, ಕೆರೆಯ ಕೆಳಗಿನ ಗದ್ದೆ ಬದುಗಳ ಮೇಲೆ. ಊರೊಳಗಿನ ಕೆರೆಗಳಲ್ಲಿ ಕಾಟ ಬಲೆಯದಲ್ಲ, ದೀಪದ್ದು. ದಾವಣಗೆರೆಯ ಕುಂದವಾಡ ಕೆರೆಯಂಥ ಕಡೆ ವಾಯುವಿಹಾರಕ್ಕೆ ಬರುವವರಿಗೆ ಬೆಳಕು ಬೇಕು, ನಿಜ. ಅದು ನೀರಿನ ಕಡೆಗೆ ತಿರುಗದೆ, ನಡೆಯುವವರ ಕಾಲಬುಡಕ್ಕಷ್ಟೇ ಬೀಳುವಂತೆ ತಗ್ಗಿನ ಕಂಬಕ್ಕೆ ಮುಚ್ಚಳದ ದೀಪ ಹಾಕಿಸಲು ಪಾಲಿಕೆಗೆ ಹೊಸ ಕಾನೂನೂ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ.