ಬೀದಿಯೇ ಪಾಠಶಾಲೆ, ಆಂಬುಲೆನ್ಸೇ ತರಗತಿ
ತುರ್ತು ಚಿಕಿತ್ಸೆಯ ಗುರು ಡಾ| ನ್ಯಾನ್ಸಿ ಕ್ಯಾರೋಲಿನ್

ಹೃದಯ ಬಡಿತ ನಿಂತ ವ್ಯಕ್ತಿಯ ಮೆದುಳು ಆಮ್ಲಜನಕವಿಲ್ಲದೆ ನಾಲ್ಕಾರು ನಿಮಿಷಗಳಲ್ಲಿ ಹಾನಿಗೊಳ್ಳತೊಡಗುತ್ತದೆ. ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ವೈದ್ಯರು ಎಷ್ಟೇ ನಿಪುಣರಿರಲಿ, ಆ ಹೊತ್ತಿನಲ್ಲಿ ರೋಗಿಯ ಬಳಿ ಇರುವವರ ಕೈಯಲ್ಲೇ ಅವನ ಪ್ರಾಣ. ಆ ಕೈಗಳನ್ನು ಪಳಗಿಸುವುದು ಹೇಗೆ? ಈ ಪ್ರಶ್ನೆಗೆ ಅಮೆರಿಕದ ವೈದ್ಯೆ ಡಾ| ನ್ಯಾನ್ಸಿ ಕ್ಯಾರೋಲಿನ್ ಕಂಡುಕೊಂಡ ಉತ್ತರ ಸರಳವಾದುದು. ಕಲಿಯುವವರು ಎಲ್ಲಿ ಕೆಲಸ ಮಾಡಬೇಕೋ ಅಲ್ಲಿಗೇ ಗುರುವೂ ಹೋಗಬೇಕು.

ಪಿಟ್ಸ್‌ಬರ್ಗಿನ ಪ್ರಯೋಗ

1960ರ ದಶಕದ ಪಿಟ್ಸ್‌ಬರ್ಗ್ ನಗರದಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದುದು ಹೆಚ್ಚಾಗಿ ಪೊಲೀಸ್ ವ್ಯಾನ್‌ಗಳು. ಎತ್ತಿ ಹಾಕಿಕೊಂಡು ಓಡುವುದಷ್ಟೇ ಕೆಲಸ, ದಾರಿಯಲ್ಲಿ ಚಿಕಿತ್ಸೆ ಎಂಬುದಿರಲಿಲ್ಲ. ಕೃತಕ ಉಸಿರಾಟ ಮತ್ತು ಹೃದಯ ಪುನಶ್ಚೇತನ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದ ಡಾ| ಪೀಟರ್ ಸಫಾರ್ ಅಲ್ಲಿದ್ದರು. 1966ರಲ್ಲಿ ಅಸ್ತಮಾದಿಂದ ತಮ್ಮ ಮಗಳನ್ನೇ ಕಳೆದುಕೊಂಡಿದ್ದ ಅವರು, ಚಿಕಿತ್ಸೆಯನ್ನು ರೋಗಿಯ ಮನೆ ಬಾಗಿಲಿಗೇ ಒಯ್ಯುವ ಯೋಜನೆಗೆ ಮುಂದಾದರು. ಹೀಗೆ 1967ರಲ್ಲಿ ಹುಟ್ಟಿದ್ದೇ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ.

ಇದಕ್ಕೆ ಆರಿಸಿದ್ದು ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ಕಪ್ಪುವರ್ಣೀಯ ಯುವಕರನ್ನು. ಹಲವರಿಗೆ ಉದ್ಯೋಗವಿರಲಿಲ್ಲ, ಕೆಲವರು ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದವರೂ ಅವರಲ್ಲಿದ್ದರು. ಊರು ಕೈಬಿಟ್ಟಿದ್ದ ಈ ಹುಡುಗರಿಗೆ ಸಫಾರ್ ಸುಮಾರು 300 ಗಂಟೆಗಳ ಕಠಿಣ ತರಬೇತಿ ಕೊಟ್ಟರು. ಮೊದಲ ವರ್ಷದಲ್ಲೇ ಐದು ಸಾವಿರಕ್ಕೂ ಹೆಚ್ಚು ಕರೆಗಳಿಗೆ ಅವರು ಓಗೊಟ್ಟರು.

ಜೊತೆಯಲ್ಲೇ ಸಾಗಿದ ಗುರು

1944ರಲ್ಲಿ ಜನಿಸಿದ ನ್ಯಾನ್ಸಿ ಕ್ಯಾರೋಲಿನ್, ತೀವ್ರ ನಿಗಾ ಚಿಕಿತ್ಸೆಯ ಉನ್ನತ ತರಬೇತಿಗಾಗಿ ಸಫಾರ್ ಅವರ ಬಳಿಗೆ ಬಂದವರು. 1970ರ ದಶಕದ ಮಧ್ಯದಲ್ಲಿ ಫ್ರೀಡಂ ಹೌಸಿನ ವೈದ್ಯಕೀಯ ನಿರ್ದೇಶಕಿಯ ಹೊಣೆ ಅವರ ಹೆಗಲಿಗೆ ಬಂತು. ಆಗ ಅವರಿಗೆ ಮೂವತ್ತರ ಆಸುಪಾಸು. ಬಿಳಿಯ ವೈದ್ಯೆಯೊಬ್ಬರು ತಮಗೆ ಪಾಠ ಹೇಳುವುದನ್ನು ತಂಡದವರು ಮೊದಮೊದಲು ಅನುಮಾನದಿಂದಲೇ ಕಂಡರು.

ಆ ಅನುಮಾನವನ್ನು ಕರಗಿಸಿದ್ದು ಅವರ ದುಡಿಮೆ. ಕ್ಯಾರೋಲಿನ್ ಆಂಬುಲೆನ್ಸ್ ಏರಿ ಅವರ ಜೊತೆಯಲ್ಲೇ ಕರೆಗಳಿಗೆ ಹೊರಟರು. ಜೊತೆಗಿರದ ಹೊತ್ತಿನಲ್ಲಿ ರೇಡಿಯೋ ಮೂಲಕ ಸೂಚನೆ ಕೊಟ್ಟರು. ಕೆಲಸ ಮುಗಿದ ಮೇಲೆ ಪ್ರತಿಯೊಂದು ಪ್ರಕರಣದ ಕುರಿತೂ ವಿಚಾರಣೆ. ಮೊದಲು ಏನನ್ನು ಗಮನಿಸಿದಿರಿ, ಯಾಕೆ ಹಾಗೆ ಮಾಡಿದಿರಿ, ಬಿಟ್ಟುಹೋದದ್ದೇನು? ತಪ್ಪಿದ್ದರೆ ಮುಲಾಜಿಲ್ಲದೆ ತಿದ್ದುತ್ತಿದ್ದರು.

ಈ ಕಲಿಕೆಯ ಹಿಂದೆ ಸ್ಪಷ್ಟ ಕಾರಣವಿದೆ. ಆಸ್ಪತ್ರೆಯ ವಾರ್ಡಿನಲ್ಲಿ ಬೆಳಕಿರುತ್ತದೆ, ಕೇಸ್ ಪೇಪರ್ ಇರುತ್ತದೆ, ಕೇಳಲು ಹಿರಿಯರಿರುತ್ತಾರೆ. ಬೀದಿಯಲ್ಲಿ ಇವಾವುವೂ ಇಲ್ಲ. ಇಕ್ಕಟ್ಟಾದ ಮೆಟ್ಟಿಲು, ಗೋಳಾಡುವ ಬಂಧುಗಳು, ಅರೆಬರೆ ಮಾಹಿತಿ. ಅಲ್ಲಿ ರೋಗದ ಹೆಸರು ಹೇಳುವುದಕ್ಕಿಂತ ಮೊದಲು ಶ್ವಾಸಮಾರ್ಗ, ಉಸಿರಾಟ, ರಕ್ತಸಂಚಾರ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿಕೊಳ್ಳಬೇಕು. ಈ ಕ್ರಮ ಬಾಯಿಪಾಠವಾದರೆ ಸಾಲದು, ಕೈಗೆ ರೂಢಿಯಾಗಬೇಕು. ಶ್ವಾಸನಾಳಕ್ಕೆ ಕೊಳವೆ ಇಳಿಸುವಂತಹ, ಅದುವರೆಗೆ ವೈದ್ಯರಿಗೇ ಮೀಸಲಾಗಿದ್ದ ಕೌಶಲವನ್ನೂ ಕ್ಯಾರೋಲಿನ್ ಈ ಯುವಕರಿಗೆ ಕಲಿಸಿದರು. ಪದವಿ ನೋಡಿ ಮಣೆ ಹಾಕುವ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ.

ಕಹಿ ತಿರುವು

1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಸೇವೆ ಆರಂಭಿಸಿತು. ಅದೇ ಅಕ್ಟೋಬರ್‌ನಲ್ಲಿ ಫ್ರೀಡಂ ಹೌಸ್ ಬಾಗಿಲು ಮುಚ್ಚಿತು. ತಮ್ಮ ಶಿಷ್ಯರನ್ನು ಹೊಸ ಸೇವೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕ್ಯಾರೋಲಿನ್ ಪಟ್ಟು ಹಿಡಿದರು. ಸೇರಿಸಿಕೊಂಡದ್ದೂ ಆಯಿತು. ಆದರೆ ಒಂದಾಗಿ ದುಡಿದವರನ್ನು ಬೇರೆಬೇರೆ ಮಾಡಲಾಯಿತು, ಹೊಸ ಪರೀಕ್ಷೆಗಳನ್ನು ಒಡ್ಡಲಾಯಿತು. ವರ್ಷಗಟ್ಟಲೆ ಪ್ರಾಣ ಉಳಿಸಿದ ಅನುಭವಕ್ಕಿಂತ ಉತ್ತರ ಪತ್ರಿಕೆಯ ಅಂಕ ಮೇಲಾಯಿತು. ಅನೇಕರು ನಿರಾಶರಾಗಿ ಹೊರನಡೆದರು. ಛಲ ಬಿಡದೆ ಉಳಿದ ಕೆಲವರಲ್ಲಿ ಜಾನ್ ಮೂನ್ ಒಬ್ಬರು. ಆಸ್ಪತ್ರೆಯ ಸಹಾಯಕರಾಗಿದ್ದು ಫ್ರೀಡಂ ಹೌಸ್ ಸೇರಿದ್ದ ಅವರು, ಮುಂದೆ ಅದೇ ನಗರ ಸೇವೆಯ ಉಪಮುಖ್ಯಸ್ಥರ ಹುದ್ದೆಗೇರಿದರು.

ಸಂಸ್ಥೆ ಅಳಿದರೂ ಪಾಠ ಅಳಿಯಲಿಲ್ಲ. ಅಮೆರಿಕ ಸರಕಾರಕ್ಕಾಗಿ ಕ್ಯಾರೋಲಿನ್ ಸಿದ್ಧಪಡಿಸಿದ ಪ್ಯಾರಾಮೆಡಿಕ್ ಪಠ್ಯಕ್ರಮಕ್ಕೆ ಫ್ರೀಡಂ ಹೌಸಿನ ಅನುಭವವೇ ತಳಹದಿ. ಅವರ ‘ಎಮರ್ಜೆನ್ಸಿ ಕೇರ್ ಇನ್ ದ ಸ್ಟ್ರೀಟ್ಸ್’ ಗ್ರಂಥ 1979ರಲ್ಲಿ ಪ್ರಕಟವಾಯಿತು. ತಿಳಿಹಾಸ್ಯ ಬೆರೆತ ಈ ಪಠ್ಯ ಪರಿಷ್ಕೃತ ಆವೃತ್ತಿಗಳಲ್ಲಿ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಮುಂದೆ ಇಸ್ರೇಲಿನ ಮಾಗೆನ್ ಡೇವಿಡ್ ಅಡೋಮ್ ಸಂಸ್ಥೆಯ ವೈದ್ಯಕೀಯ ನಿರ್ದೇಶಕಿಯಾಗಿ ಅಲ್ಲಿಯೂ ಪ್ಯಾರಾಮೆಡಿಕ್‌ಗಳನ್ನು ಸಜ್ಜುಗೊಳಿಸಿದರು. ಪೂರ್ವ ಆಫ್ರಿಕಾದಲ್ಲೂ ಸೇವೆ ಸಲ್ಲಿಸಿದರು. 2002ರಲ್ಲಿ ನಿಧನರಾದರು.

ನಮಗೇನು ಪಾಠ?

ನಮ್ಮ ದೇಶದಲ್ಲಿ 108 ಸೇವೆ 2005ರಲ್ಲಿ ಹೈದರಾಬಾದಿನಿಂದ ಆರಂಭವಾಗಿ, 2008ರ ರಾಜ್ಯೋತ್ಸವದಂದು ಕರ್ನಾಟಕಕ್ಕೆ, 2014ರಲ್ಲಿ ಮಹಾರಾಷ್ಟ್ರಕ್ಕೆ ಬಂತು. 2009ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ಮಾನ್ಯ ಮಾಡಿತು. ವಾಹನಗಳು ಬಂದಿವೆ, ಪದವಿಗಳೂ ಬಂದಿವೆ. ಆದರೆ ವಾಹನದೊಳಗೆ ಕುಳಿತವರಿಗೆ ದಿನನಿತ್ಯ ಕಲಿಸುವ, ಅವರ ಕೆಲಸವನ್ನು ಕಣ್ಣಾರೆ ಕಂಡು ತಿದ್ದುವ ಗುರು ಇದ್ದಾಗಲೇ ಇವು ಪ್ರಾಣ ಉಳಿಸಬಲ್ಲವು. ಅವಕಾಶ ಮತ್ತು ಒಳ್ಳೆಯ ಗುರು ಸಿಕ್ಕರೆ ಓದು ಅರ್ಧಕ್ಕೆ ಬಿಟ್ಟ ಯುವಕನೂ ಜೀವರಕ್ಷಕನಾಗಬಲ್ಲ ಎಂಬುದನ್ನು ಕ್ಯಾರೋಲಿನ್ ಮತ್ತು ಅವರ ಶಿಷ್ಯರು ಮಾಡಿ ತೋರಿಸಿದ್ದಾರೆ.