ಕರ್ನಲ್ ಅಪ್‌ಗ್ರೇಡ್: ಹೊಸದಕ್ಕೆ ಹೋಗೋ ಮೊದಲು ಹಳೇದಕ್ಕೆ ವಾಪಸ್ ಬರೋ ದಾರಿ

ಇವತ್ತಿನ ವಿಷಯ ಲಿನಕ್ಸ್ ಸರ್ವರ್‌ಗಳಲ್ಲಿ ಕರ್ನಲ್ ಅಪ್‌ಗ್ರೇಡ್. ಕಮಾಂಡ್ ನೋಡಿದ್ರೆ ಒಂದೇ ಸಾಲು, ಮುಗಿಯೋಕೆ ಎರಡು ನಿಮಿಷ. ಹಾಗಿದ್ರೂ ಶನಿವಾರ ರಾತ್ರಿಯ ಪ್ಯಾಚಿಂಗ್ ಅಂದ್ರೆ ಅನುಭವ ಇರೋ ಅಡ್ಮಿನ್ ಮುಖ ಯಾಕೆ ಗಂಭೀರ ಆಗುತ್ತೆ ಅನ್ನೋದನ್ನ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

2016ರ ಅಕ್ಟೋಬರ್. ನಾನಾಗ ಪುಣೆಯಲ್ಲಿದ್ದೆ. ಡರ್ಟಿ ಕೌ ಅನ್ನೋ ದೋಷ ಆಗಷ್ಟೇ ಹೊರಗೆ ಬಂದಿತ್ತು. ಓದೋಕೆ ಮಾತ್ರ ಅನುಮತಿ ಇರೋ ಫೈಲಿಗೆ ಸಾಮಾನ್ಯ ಯೂಸರ್ ಒಬ್ಬ ಬರೆದು, ರೂಟ್ ಆಗಿಬಿಡಬಹುದಾದ ದೋಷ ಅದು. 2007ರ 2.6.22 ಆವೃತ್ತಿಯಿಂದಲೂ ಕರ್ನಲ್ ಒಳಗೆ ಸುಮ್ಮನೆ ಕೂತಿತ್ತು. ಎಲ್ಲ ಸರ್ವರ್‌ಗಳಿಗೂ ತಕ್ಷಣ ಪ್ಯಾಚ್ ಹಾಕಿ ಅಂತ ಕ್ಲೈಂಟ್ ಕಡೆಯಿಂದ ಮೇಲ್ ಬಂತು. ದೀಪಾವಳಿಗೆ ಊರಿಗೆ ಹೋಗೋ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿ ಕೂತೆ.

ಮೂವತ್ತೆಂಟು ಮೆಷಿನ್, ಎಲ್ಲ ಸೆಂಟ್‌ಒಎಸ್. ಒಂದು ಲೂಪ್ ಬರೆದು ಎಲ್ಲದರ ಮೇಲೂ ಯಮ್ ಅಪ್‌ಡೇಟ್ ಓಡಿಸಿದೆ, ಆಮೇಲೆ ರೀಬೂಟ್. ಮೂವತ್ತೇಳು ವಾಪಸ್ ಬಂದವು. ಒಂದು ಬರಲಿಲ್ಲ. ಐದು ನಿಮಿಷ ಪಿಂಗ್ ನೋಡಿದೆ, ಹತ್ತು ನಿಮಿಷ ನೋಡಿದೆ. ರಿಮೋಟ್ ಕನ್ಸೋಲ್ ತೆಗೆಯೋಣ ಅಂದ್ರೆ ಅದರ ಪಾಸ್‌ವರ್ಡ್ ಟೀಮಿನಲ್ಲಿ ಯಾರಿಗೂ ಗೊತ್ತಿಲ್ಲ, ಇಟ್ಟುಕೊಂಡಿದ್ದವರು ಕೆಲಸ ಬಿಟ್ಟು ಹೋಗಿದ್ರು. ನವಿ ಮುಂಬಯಿಯ ಡೇಟಾ ಸೆಂಟರಿಗೆ ಟಿಕೆಟ್ ಹಾಕಿ, ಫೋನ್ ಮಾಡಿ, ರಾತ್ರಿ ಪಾಳಿಯ ಹುಡುಗ ಟ್ರಾಲಿ ಮೇಲೆ ಮಾನಿಟರ್, ಕೀಬೋರ್ಡ್ ತಳ್ಳಿಕೊಂಡು ಹೋಗಿ ಪರದೆಯ ಫೋಟೋ ಕಳಿಸೋ ಹೊತ್ತಿಗೆ ಎರಡೂವರೆ ಗಂಟೆ ಆಗಿತ್ತು. ಪರದೆ ಮೇಲೆ ಕರ್ನಲ್ ಪ್ಯಾನಿಕ್: ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡೋಕಾಗ್ತಿಲ್ಲ, ಅನ್‌ನೋನ್ ಬ್ಲಾಕ್ ಸೊನ್ನೆ ಸೊನ್ನೆ.

ಪವರ್ ಆಫ್ ಆನ್ ಮಾಡಿಸಿ, ಗ್ರಬ್ ಮೆನುವಿನಲ್ಲಿ ಡೌನ್ ಆ್ಯರೋ ಒಂದು ಸಲ ಒತ್ತಿ ಎಂಟರ್ ಹೊಡೀರಿ ಅಂದೆ. ಹಳೇ ಕರ್ನಲ್‌ನಲ್ಲಿ ಸರ್ವರ್ ಎದ್ದು ಕೂತಿತು. ಹತ್ತು ಸೆಕೆಂಡಿನ ಕೆಲಸ.

ಆಗಿದ್ದೇನು ಅಂದ್ರೆ, ಬೇರೆ ಪ್ಯಾಕೇಜ್ ಅಪ್‌ಡೇಟ್ ಮಾಡಿದಾಗ ಹಳೇದು ಹೋಗಿ ಆ ಜಾಗಕ್ಕೆ ಹೊಸದು ಬರುತ್ತೆ. ಕರ್ನಲ್ ಹಾಗಲ್ಲ. ಹಳೇದು ಇದ್ದಹಾಗೇ ಇರುತ್ತೆ, ಹೊಸದು ಪಕ್ಕದಲ್ಲಿ ಬಂದು ಕೂರುತ್ತೆ. ಹೊಸ ಬಾಡಿಗೆ ಮನೆಗೆ ಸಾಮಾನು ಸಾಗಿಸಿದ ಮೇಲೂ ಹಳೇ ಮನೆ ಬೀಗದಕೈ ಜೇಬಲ್ಲಿ ಇಟ್ಟುಕೊಂಡ ಹಾಗೆ. ಸೆಂಟ್‌ಒಎಸ್ 7ರಲ್ಲಿ ಯಮ್ ಐದು ಕರ್ನಲ್ ಇಟ್ಟುಕೊಳ್ತಿತ್ತು, ಈಗಿನ ಡಿಎನ್‌ಎಫ್ ಮೂರು ಇಟ್ಟುಕೊಳ್ಳುತ್ತೆ. ಅದಕ್ಕೇ ಆರ್‌ಪಿಎಂ ಕಮಾಂಡಿನಿಂದ ನೇರವಾಗಿ ಹಾಕೋರು ಕರ್ನಲ್‌ಗೆ ಮೈನಸ್ ಯು ಕೊಡಬಾರದು, ಮೈನಸ್ ಐ ಕೊಡಬೇಕು. ಯು ಕೊಟ್ರೆ ಹಳೇದು ಅಳಿಸಿಹೋಗುತ್ತೆ, ಬೀಗದಕೈ ಕಳೆದ ಹಾಗೇ.

ಇವೆಲ್ಲ ಕೂರೋದು ಸ್ಲ್ಯಾಶ್ ಬೂಟ್ ಒಳಗೆ. ಆ ಒಂದು ಸರ್ವರ್‌ನಲ್ಲಿ ಯಾರೋ ಪುಣ್ಯಾತ್ಮರು ಅದಕ್ಕೆ 200 ಎಂಬಿ ಕೊಟ್ಟಿದ್ರು. ಪ್ರತಿ ಕರ್ನಲ್ ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಫೈಲ್ ಒಂದು ತಯಾರಾಗುತ್ತೆ. ಡಿಸ್ಕ್ ಓದೋಕೆ ಬೇಕಾದ ಡ್ರೈವರ್‌ಗಳು ಅದರಲ್ಲೇ ಇರೋದು. ಕೆಡಂಪ್ ಇದ್ರೆ ಅದಕ್ಕೆ ಇನ್ನೊಂದು, ರೆಸ್ಕ್ಯೂ ಇಮೇಜ್ ಮತ್ತೊಂದು. ಕರ್ನಲ್ ಫೈಲ್ ಹಿಡಿಸಿತ್ತು, ಇನಿಟ್‌ರಾಮ್‌ಎಫ್‌ಎಸ್ ಬರೆಯೋಕೆ ಜಾಗ ಸಾಲಲಿಲ್ಲ. ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಒಂದು ಸಾಲು ನನ್ನ ಲೂಪಿನ ಲಾಗ್‌ನಲ್ಲೇ ಇತ್ತು. ಮೂವತ್ತೆಂಟು ಮೆಷಿನ್ನಿನ ಔಟ್‌ಪುಟ್ ನಡುವೆ ಅದು ಸರ್ರನೆ ಮೇಲೆ ಹೋಗಿತ್ತು, ನಾನು ನೋಡಿರಲಿಲ್ಲ.

ಈಗ ರೀಬೂಟ್‌ಗೆ ಮುಂಚೆ ಮೂರು ವಿಷಯ ಕಣ್ಣಲ್ಲಿ ನೋಡದೆ ಎಂಟರ್ ಒತ್ತಲ್ಲ. ಸ್ಲ್ಯಾಶ್ ಬೂಟ್‌ನಲ್ಲಿ ಎಷ್ಟು ಜಾಗ ಇದೆ, ಹೊಸ ಆವೃತ್ತಿಯ ಇನಿಟ್‌ರಾಮ್‌ಎಫ್‌ಎಸ್ ಇದೆಯಾ ಮತ್ತು ಹಳೇದರಷ್ಟೇ ದಪ್ಪ ಇದೆಯಾ, ರಿಮೋಟ್ ಕನ್ಸೋಲ್‌ಗೆ ನಾನೇ ಲಾಗಿನ್ ಆಗೋಕೆ ಆಗುತ್ತಾ. ಮೂರನೇದನ್ನ ಹಗಲಲ್ಲೇ ನೋಡಿ. ಶುಕ್ರವಾರ ಮಧ್ಯಾಹ್ನ ಪಾಸ್‌ವರ್ಡ್ ಕೇಳಿದ್ರೆ ಯಾರಾದ್ರೂ ಕೊಡ್ತಾರೆ, ಭಾನುವಾರ ಬೆಳಗಿನ ಜಾವ ಮೂರಕ್ಕೆ ಕೊಡೋರಿಲ್ಲ.

ಇನ್ನೊಂದು ಅಭ್ಯಾಸ ಇದೆ, ಇದಕ್ಕೆ ಮ್ಯಾನೇಜರ್‌ಗಳು ಗೊಣಗ್ತಾರೆ. ವಿಂಡೋ ಶುರುವಾದ ತಕ್ಷಣ, ಏನೂ ಪ್ಯಾಚ್ ಹಾಕದೆ, ಹಳೇ ಕರ್ನಲ್‌ನಲ್ಲೇ ಒಂದು ಸಲ ರೀಬೂಟ್ ಮಾಡೋದು. 900 ದಿನ ಅಪ್‌ಟೈಮ್ ಅಂತ ಹೆಮ್ಮೆ ಪಡೋರನ್ನ ನೋಡಿದ್ದೀನಿ. ನನಗೆ ಅದು ಕೇಳಿದ್ರೆ ಭಯ. ಆ 900 ದಿನದಲ್ಲಿ ಯಾರೋ ಎಫ್‌ಎಸ್‌ಟ್ಯಾಬ್‌ನಲ್ಲಿ ಈಗಿಲ್ಲದ ಡಿಸ್ಕಿನ ಸಾಲು ಬಿಟ್ಟಿರ್ತಾರೆ, ಇನ್ಯಾರೋ ಸರ್ವಿಸ್ ಒಂದನ್ನ ಕೈಯಲ್ಲೇ ಸ್ಟಾರ್ಟ್ ಮಾಡಿ ಎನೇಬಲ್ ಮಾಡೋದು ಮರೆತಿರ್ತಾರೆ. ಪ್ಯಾಚ್ ಹಾಕಿ ರೀಬೂಟ್ ಮಾಡಿದಾಗ ಮೆಷಿನ್ ಎಮರ್ಜೆನ್ಸಿ ಮೋಡಿಗೆ ಹೋದ್ರೆ ಬೈಗುಳ ಕರ್ನಲ್‌ಗೆ. ಮೊದಲೇ ಒಂದು ರೀಬೂಟ್ ಮಾಡಿದ್ರೆ ಹಳೇ ಪಾಪ ಯಾವುದು, ಹೊಸದು ಯಾವುದು ಗೊತ್ತಾಗುತ್ತೆ. ಹೆಚ್ಚು ಅಂದ್ರೆ ಹದಿನೈದು ನಿಮಿಷ ಹೋಗುತ್ತೆ.

ಕನ್ಸೋಲ್ ನಿಧಾನ ಇರೋ ದೂರದ ಮೆಷಿನ್‌ಗಳಿಗೆ ಒಂದು ಉಪಾಯ ಇದೆ. ಹೊಸ ಕರ್ನಲ್ ಹಾಕಿದ ಕೂಡಲೇ ಸಾಮಾನ್ಯವಾಗಿ ಅದೇ ಡಿಫಾಲ್ಟ್ ಆಗಿಬಿಡುತ್ತೆ. ಗ್ರಬ್ಬಿ ಕಮಾಂಡಿನಿಂದ ಡಿಫಾಲ್ಟನ್ನ ಮತ್ತೆ ಹಳೇದಕ್ಕೆ ತಿರುಗಿಸಿ. ಆಮೇಲೆ ಗ್ರಬ್2-ರೀಬೂಟ್ ಕಮಾಂಡಿನಿಂದ, ಮುಂದಿನ ಒಂದೇ ಒಂದು ಬೂಟಿಗೆ ಹೊಸದು ಅಂತ ಹೇಳಿ. ಹೊಸ ಕರ್ನಲ್‌ನ ಬೂಟ್ ಸಾಲಿಗೆ ಪ್ಯಾನಿಕ್ ಈಕ್ವಲ್ 30 ಸೇರಿಸಿ. ಇದು ಇಲ್ಲದಿದ್ರೆ ಪ್ಯಾನಿಕ್ ಆದ ಮೆಷಿನ್ ಅಲ್ಲೇ ನಿಂತಿರುತ್ತೆ. ಇದ್ರೆ 30 ಸೆಕೆಂಡ್ ಆದ ಮೇಲೆ ತಾನೇ ರೀಬೂಟ್ ಆಗಿ ಹಳೇ ಕರ್ನಲ್‌ಗೆ ವಾಪಸ್ ಬರುತ್ತೆ. ಸಿಸ್‌ಸಿಟಿಎಲ್‌ನಲ್ಲಿ ಹಾಕಿದ್ರೆ ಸಾಲದು, ನನಗಾದ ಥರದ ಪ್ಯಾನಿಕ್‌ನಲ್ಲಿ ಆ ಫೈಲ್ ಓದೋ ಹಂತಕ್ಕೇ ಮೆಷಿನ್ ಬಂದಿರಲ್ಲ. ಇನ್ನೊಂದು ಎಚ್ಚರಿಕೆ: ಈ ಒಂದು ಸಲದ ಗುರುತನ್ನ ಗ್ರಬ್ ಬೂಟ್ ಆಗುವಾಗ ಅಳಿಸಬೇಕು. ಸ್ಲ್ಯಾಶ್ ಬೂಟ್ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ ಮೇಲಿದ್ರೆ ಅದಕ್ಕೆ ಅಲ್ಲಿ ಬರೆಯೋಕೆ ಬರಲ್ಲ, ಮತ್ತೆ ಮತ್ತೆ ಹೊಸದಕ್ಕೇ ಹೋಗ್ತಾ ಇರುತ್ತೆ. ಮೊದಲು ಟೆಸ್ಟ್ ಮೆಷಿನ್‌ನಲ್ಲಿ ನೋಡಿ.

ಸೆಕ್ಯುರಿಟಿ ಟೀಮಿನ ಜೊತೆ ನಡೆಯೋ ಒಂದು ಜಗಳದ ಬಗ್ಗೆಯೂ ಹೇಳಿಬಿಡ್ತೀನಿ. ರೆಡ್ ಹ್ಯಾಟ್ 8ರ ಕರ್ನಲ್ ಶುರುವಿನಿಂದ ಇವತ್ತಿನವರೆಗೂ 4.18. ಅದರ ಮೇಲೆ ದೋಷಗಳ ಪರಿಹಾರವನ್ನ ಹಿಂದಕ್ಕೆ ತಂದು ಸೇರಿಸ್ತಾ ಹೋಗ್ತಾರೆ, ಮುಂದಿನ ನಂಬರ್ ಬದಲಾಗಲ್ಲ. ಸ್ಕ್ಯಾನರ್ ಬರೀ ನಂಬರ್ ನೋಡಿ ಕೆಂಪು ಬಣ್ಣ ತೋರಿಸಿದ್ರೆ, ಗಾಬರಿಯಾಗಿ ಎಲ್ಲಿಂದಲೋ 6.x ಕರ್ನಲ್ ತಂದು ಹಾಕಬೇಡಿ. ಆರ್‌ಪಿಎಂ ಚೇಂಜ್‌ಲಾಗ್‌ನಲ್ಲಿ ಆ ಸಿವಿಇ ನಂಬರ್ ಹುಡುಕಿ ಅವರಿಗೆ ಮೇಲ್ ಮಾಡಿ. ಆದ್ರೆ ನಮ್ಮ ಕಡೆಯೂ ಒಂದು ತಪ್ಪು ಆಗುತ್ತೆ. ಪ್ಯಾಚ್ ಹಾಕಿ ರೀಬೂಟ್ ಮುಂದೂಡಿ, ರಿಪೋರ್ಟಿನಲ್ಲಿ ಮಾತ್ರ ಹಸಿರು ತೋರಿಸಿಬಿಡ್ತೀವಿ. ಯುನೇಮ್ ಮೈನಸ್ ಆರ್ ಕೊಟ್ಟಾಗ ಬರೋದೇ ಓಡ್ತಿರೋ ಕರ್ನಲ್. ಡಿಸ್ಕಿನ ಮೇಲೆ ಯಾವುದಿದ್ರೂ ದಾಳಿ ಮಾಡೋನಿಗೆ ಲೆಕ್ಕಕ್ಕಿಲ್ಲ.

ಲೈವ್ ಪ್ಯಾಚಿಂಗ್ ಇದೆಯಲ್ಲ ಅಂತ ಕೇಳಬಹುದು. ಇದೆ, 2015ರಲ್ಲಿ 4.0 ಬಂದಾಗಿಂದ ಮೂಲ ಕರ್ನಲ್‌ನಲ್ಲೇ ಅದಕ್ಕೆ ವ್ಯವಸ್ಥೆ ಇದೆ. ಗಂಭೀರ ದೋಷಕ್ಕೆ ನಡುವಾರದಲ್ಲಿ ರಕ್ಷಣೆ ಸಿಗುತ್ತೆ, ರೀಬೂಟನ್ನ ಒಳ್ಳೆ ದಿನಕ್ಕೆ ತಳ್ಳಬಹುದು. ಎಲ್ಲ ದೋಷಗಳಿಗೂ ಅದು ಸಿಗಲ್ಲ, ಹಾಗಾಗಿ ರೀಬೂಟ್ ತಪ್ಪಲ್ಲ.

ಆ ಸರ್ವರ್ ಕಥೆ ಹೀಗೆ ಮುಗೀತು. ಮುಂದಿನ ಶನಿವಾರ ಎರಡು ಹಳೇ ಕರ್ನಲ್ ತೆಗೆದು, ಹೊಸದರ ಇನಿಟ್‌ರಾಮ್‌ಎಫ್‌ಎಸ್ ಅನ್ನ ಡ್ರೇಕಟ್‌ನಿಂದ ಮತ್ತೆ ಕಟ್ಟಿ, ಗಾತ್ರ ನೋಡಿ ರೀಬೂಟ್ ಮಾಡಿದೆ. ನಾಲ್ಕು ನಿಮಿಷಕ್ಕೆ ವಾಪಸ್ ಬಂತು. ಊರಿಗೆ ಹೋಗಿದ್ದು ಮಾತ್ರ ತುಳಸಿ ಹಬ್ಬಕ್ಕೆ. ಮುಂದಿನ ವಿಡಿಯೋದಲ್ಲಿ ಕೆಡಂಪ್ ಬಗ್ಗೆ ಮಾತಾಡೋಣ.