ಬೇರು ಉಳಿದ ಬೋಳು, ಬೇರು ಅಳಿದ ಬೋಳು

ತಲೆಯಲ್ಲಿ ರೂಪಾಯಿಯಗಲ ದುಂಡಗೆ ಕೂದಲುದುರಿದರೆ ಕುಷಾಯಿಗೂಡದ ತೆಲುಗರು ‘ಪೇನುಕೊರುಕುಡು’ ಅಂತಾರೆ. ಹೇನು ಕಡಿದದ್ದು ಎಂದರ್ಥ. ಈರುಳ್ಳಿ ರಸ ತಿಕ್ಕಿ ಅನ್ನುವ ಸಲಹೆ ನಮ್ಮ ಕನ್ನಡ ಮನೆಗಳಲ್ಲೂ ಸಿಗುತ್ತದೆ. ನಿಜವಾಗಿ ಹೇನಿಗೂ ಇದಕ್ಕೂ ಸಂಬಂಧವಿಲ್ಲ. ವೈದ್ಯರು ಇದನ್ನು ಅಲೊಪೀಶಿಯ ಏರಿಯಾಟ ಎನ್ನುತ್ತಾರೆ. ಅನೇಕರಿಗೆ ಕೆಲವು ತಿಂಗಳಲ್ಲಿ ಕೂದಲು ತಾನಾಗಿಯೇ ಮರಳುತ್ತದೆ. ಕೀರ್ತಿ ಮಾತ್ರ ಈರುಳ್ಳಿಗೆ! ಹೋಗಲಿ ಬಿಡಿ, ಅದರಿಂದ ದೊಡ್ಡ ನಷ್ಟವೇನಿಲ್ಲ.

ನಷ್ಟವಾಗುವುದು ಇನ್ನೊಂದು ಅಪರೂಪದ ಕಾಯಿಲೆಯನ್ನೂ ಇದೇ ಎಂದು ತಿಳಿದಾಗ. ಅದರ ಹೆಸರು ಫಾಲಿಕ್ಯುಲೈಟಿಸ್ ಡೆಕಾಲ್ವನ್ಸ್. ಫ್ರಾನ್ಸಿನ ವೈದ್ಯ ಕ್ಯಾಂಕೊ 1888ರಲ್ಲಿ ಇದನ್ನು ವರ್ಣಿಸಿದರು.

ಎರಡಕ್ಕೂ ವ್ಯತ್ಯಾಸವೇನು? ಯಾದಗಿರಿಗುಟ್ಟದಲ್ಲೋ ತಿರುಪತಿಯಲ್ಲೋ ಮುಡಿ ಕೊಟ್ಟು ಬಂದವರಿಗೆ ಮತ್ತೆ ಕೂದಲು ಬರುತ್ತದಷ್ಟೆ. ಕ್ಷೌರದ ಕತ್ತಿ ತೆಗೆದದ್ದು ಹೊರಗಿನ ಎಳೆಯನ್ನು. ಚರ್ಮದೊಳಗಿನ ರೋಮಕೂಪ ಹಾಗೇ ಇದೆ. ಏರಿಯಾಟದಲ್ಲೂ ಕೂಪ ಉಳಿದಿರುತ್ತದೆ, ಮಲಗಿದೆ ಅನ್ನಿ. ಡೆಕಾಲ್ವನ್ಸ್‌ನಲ್ಲಾದರೋ ಕೂಪದ ಸುತ್ತ ಉರಿಯೂತವೆದ್ದು, ಹೊಸ ಕೂದಲಿಗೆ ಮೂಲವಾದ ಕಾಂಡಕೋಶಗಳೇ ಹಾಳಾಗುತ್ತವೆ. ಅಲ್ಲಿ ಗಾಯದ ಕಲೆ ಕಟ್ಟುತ್ತದೆ. ಆಮೇಲೆ ಯಾವ ಎಣ್ಣೆ ಹಚ್ಚಿದರೂ ಆ ಜಾಗದಲ್ಲಿ ಕೂದಲು ಹುಟ್ಟದು.

ಗುರುತಿಸುವುದು ಹೇಗೆ? ಏರಿಯಾಟದಲ್ಲಿ ಚರ್ಮ ನುಣುಪು, ಸಾಮಾನ್ಯವಾಗಿ ನೋವಿಲ್ಲ, ಕೂದಲಿನ ಸಣ್ಣ ರಂಧ್ರಗಳು ಕಾಣುತ್ತವೆ. ಡೆಕಾಲ್ವನ್ಸ್‌ನಲ್ಲಿ ಕೆಂಪು, ಕೀವುಗುಳ್ಳೆ, ಹಕ್ಕಳೆ, ನವೆ, ಉರಿ. ನಡುವೆ ರಂಧ್ರವೇ ಇಲ್ಲದ ಹೊಳೆಯುವ ಚರ್ಮ. ಅಂಚಿನಲ್ಲಿ ಒಂದೇ ರಂಧ್ರದಿಂದ, ಗೊಂಬೆಯ ತಲೆಯಲ್ಲಿರುವ ಹಾಗೆ, ಐದಾರು ಅಥವಾ ಇನ್ನೂ ಹೆಚ್ಚು ಕೂದಲು ಗೊಂಚಲಾಗಿ ಹೊರಟಿರುತ್ತದೆ. ಕೀವನ್ನು ಪರೀಕ್ಷಿಸಿದರೆ ಅನೇಕ ಸಲ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ಸಿಗುತ್ತದೆ. ಆದರೂ ಇದು ಅಂಟುರೋಗವಲ್ಲ. ರೋಗಿಯನ್ನು ದೂರವಿಡುವುದು ಬರೀ ಅನ್ಯಾಯ.

ಖಚಿತಪಡಿಸಿಕೊಳ್ಳಲು ಸುಮಾರು 4 ಮಿಲಿಮೀಟರ್ ಅಗಲದ ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚಿಕಿತ್ಸೆ ವಾರ, ತಿಂಗಳುಗಟ್ಟಲೆ ನಡೆಯುತ್ತದೆ. ರಿಫಾಂಪಿಸಿನ್ ಮತ್ತು ಕ್ಲಿಂಡಮೈಸಿನ್ ಜೊತೆಯಾಗಿ ಸುಮಾರು 10 ವಾರ ಕೊಡುವುದು ಒಂದು ಕ್ರಮ. ರಿಫಾಂಪಿಸಿನ್ ಕ್ಷಯದ ಔಷಧಿಯೂ ಹೌದು. ಅಂಗಡಿಯಿಂದ ನಾವೇ ತಂದು ನುಂಗುವಂಥದ್ದಲ್ಲ. ಔಷಧಿ ನಿಲ್ಲಿಸಿದ ಮೇಲೆ ರೋಗ ಮರುಕಳಿಸುವುದೂ ಉಂಟು.

ಒಂದು ಮಾತನ್ನು ಮರೆಯಬಾರದು: ಈ ಚಿಕಿತ್ಸೆ ಹೋದ ಕೂದಲನ್ನು ತರುವುದಿಲ್ಲ, ಇರುವುದನ್ನು ಉಳಿಸುತ್ತದೆ. ಆದ್ದರಿಂದ ಈರುಳ್ಳಿ ರಸಕ್ಕೆ ಕೊಟ್ಟ ಒಂದೊಂದು ತಿಂಗಳೂ ಇಲ್ಲಿ ನಷ್ಟವೇ. ಬೋಳಿನ ಜೊತೆ ಕೀವೋ ಉರಿಯೋ ಕಂಡರೆ ನೆರೆಮನೆಯವರನ್ನು ಕೇಳುತ್ತ ಕೂರಬೇಡಿ. ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, ಹೋಗಿ ತೋರಿಸಿ.